ಎಡಗೈ ಊಟ

ಇವತ್ತು ಸಹೋದ್ಯೋಗಿ ಲಿಲ್ಲಿಯನ್ ರಜೆ ಮುಗಿಸಿ ಬರುತ್ತಾಳೆ, ಗಾಡಿಯನ್ನು ನೋಡುತ್ತಾಳೆ, ನೋಡಿ ಏನಾದರೂ ಒಳ್ಳೆಯ ಮಾತು ಹೇಳಿಯೇ ಹೇಳುತ್ತಾಳೆ ಎಂಬ ಆಸೆಯಲ್ಲಿ ಸಿದ್ದಲಿಂಗ ಬೆಳಿಗ್ಗೆಯಿಂದಲೇ ಅವಸರದಲ್ಲಿದ್ದ. ದಾಗಿಸ್ ಎಂಬ ಶಿಶುವಿಹಾರದ ಮುಂಗೋಣೆಯಲ್ಲಿ, ಮಕ್ಕಳ ಒದ್ದೆ ಬೂಟುಗಳ ಸಾಲಿನ ಮುಂದೆ, ಅವನ ಮಗಳು ವರ್ಷಾ ತನ್ನ ದಪ್ಪ ಚಳಿಯುಡುಪಿನ ಜಿಪ್ಪನ್ನು ಎಡಗೈಯಿಂದ ಕೆಳಗೆಳೆಯುತ್ತ ನಿಂತಿದ್ದಳು. ಐದು ವರ್ಷದ ಹುಡುಗಿ. ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಬೇರೆ ಮಕ್ಕಳ ಅಪ್ಪಂದಿರು ಬೆಂಚಿನ ಮೇಲೆ ಕೂತು, ಲೋಕದಲ್ಲಿ ಮಾಡಲು ಇನ್ನಾವ ಕೆಲಸವೂ ಇಲ್ಲದವರಂತೆ, ತಮ್ಮ ಮಕ್ಕಳು ತಾವೇ ಬಟ್ಟೆ ಬಿಚ್ಚಿ ಮುಗಿಸುವುದನ್ನು ಕಾಯುತ್ತಿದ್ದರು. ಈ ದೇಶದವರ ತಾಳ್ಮೆ ಸಿದ್ದಲಿಂಗನಿಗೆ ಮೊದಮೊದಲು ಸೋಮಾರಿತನದಂತೆ ಕಂಡಿತ್ತು, ಆಮೇಲೆ ಸೊಕ್ಕಿನಂತೆ. ಈಗೀಗ ಅದು ಏನೆಂದು ತಿಳಿಯದೆ ಬರೀ ಕಿರಿಕಿರಿಯಾಗುತ್ತಿತ್ತು. “ಲಗೂ ಮಾಡವಾ,” ಎಂದು ತಾನೇ ಬಗ್ಗಿ ಜಿಪ್ಪು ಎಳೆದ, ತೋಳುಗಳನ್ನು ಉಡುಪಿನಿಂದ ಜಗ್ಗಿ ಹೊರತೆಗೆದ. ಬಲತೋಳು ಹೊರಬರುವಾಗ ವರ್ಷಾ ಉಸಿರು ಬಿಗಿಹಿಡಿದದ್ದು ಅವನ ಕಿವಿಗೆ ಬಿತ್ತು. ಏನಾಯಿತೆಂದು ಕೇಳಿದ. ಅವಳು ತಲೆಯೆತ್ತಿ, ಪಾಠ ಒಪ್ಪಿಸುವ ಮಗುವಿನ ಹಾಗೆ ನೆಟ್ಟಗೆ ನಿಂತು, “ಇಂಗೆಂಟಿಂಗ್” ಎಂದಳು. ಏನೂ ಇಲ್ಲ. ಆ ಸ್ವೀಡಿಷ್ ಪದ ತನ್ನ ಬಾಯಲ್ಲಿ ಕಲ್ಲು ಕಡಿದಂತೆ ಬರುತ್ತದೆ, ಇವಳ ಬಾಯಲ್ಲಿ ಎಷ್ಟು ಚೆಂದ ಬರುತ್ತದಲ್ಲ ಎಂದು ಮೆಚ್ಚಿಕೊಂಡು ಅವನು ಬಸ್ಸಿಗೆ ಓಡಿದ.

ಬಸ್ಸು ಬಂದರಿನ ಕಡೆ ಇಳಿಯುವಾಗ ನೀರಿನಾಚೆ ಡೆನ್ಮಾರ್ಕಿನ ದಡ ಮಸುಕಾಗಿ ಕಂಡಿತು. ಹೆಂಡತಿ ಶುಭಾ ಇಷ್ಟು ಹೊತ್ತಿಗೆ ಮಾಲ್ಮೋದ ತನ್ನ ಆಫೀಸಿನಲ್ಲಿರುತ್ತಾಳೆ; ಅವಳದು ನಸುಕಿನ ರೈಲು, ಬೆಳಗಿನ ಮಗಳು ಇವನ ಪಾಲು. ಬೆಳಗಿನ ಮಗಳು ನಿಧಾನ, ಸಂಜೆಯ ಮಗಳು ಹಟಮಾರಿ. ನಿನ್ನೆ ಸಂಜೆ ಊಟಕ್ಕೆ ಕೂತವಳು ಚಮಚವನ್ನು ಎಡಗೈಯಲ್ಲಿ ಹಿಡಿದಿದ್ದಳು. ಹಾವೇರಿಯ ಮನೆಯಲ್ಲಾಗಿದ್ದರೆ ಅವನ ಅಪ್ಪ, ನಿವೃತ್ತ ಹೆಡ್‌ಮಾಸ್ತರ, ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಅಪ್ಪನಿಗೆ ಎರಡೇ ಮಾತು ಗೊತ್ತಿದ್ದವು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದೊಂದು, ದಂಡಂ ದಶಗುಣಂ ಎಂಬುದೊಂದು. ಮೂರನೆಯ ಮಾತಿನ ಅಗತ್ಯ ಅವರಿಗೆ ಬಿದ್ದಂತಿರಲಿಲ್ಲ. ಸಿದ್ದಲಿಂಗ ತಟ್ಟೆ ಎತ್ತಿರಲಿಲ್ಲ. “ಎಡಗೈಲೆ ಉಣ್ತಾರೇನು? ಯಾರ ಮನಿ ಕೂಸು ನೀನು?” ಎಂದಷ್ಟೇ ಗದರಿದ್ದ. ಅವಳು ಚಮಚವನ್ನು ಬಲಗೈಗೆ ಬದಲಾಯಿಸಿ, ತಲೆ ತಗ್ಗಿಸಿ, ಅನ್ನವನ್ನೆಲ್ಲ ಉಂಡು ಮುಗಿಸಿದ್ದಳು. ಒಂದು ಅಗುಳೂ ಬಿಟ್ಟಿರಲಿಲ್ಲ. ಗದರಿದರೂ ಕೈ ಎತ್ತಲಿಲ್ಲವಲ್ಲ, ತಾನು ಅಪ್ಪನಿಗಿಂತ ಎಷ್ಟೋ ವಾಸಿ ಎಂದು ಆಗ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

ಗಾಡಿ ಎಂದರೆ ಅವರ ಸಣ್ಣ ಕಂಪನಿ ಬೆಳೆಸುತ್ತಿದ್ದ ಯಂತ್ರ. ಗೋದಾಮಿನ ಓಣಿಗಳಲ್ಲಿ ಗಾಜಿನ ಸಾಮಾನಿನ ತಟ್ಟೆಗಳನ್ನು ಹೊತ್ತು ತಾನೇ ದಾರಿ ಹುಡುಕಿಕೊಂಡು ಹೋಗಬೇಕಾದದ್ದು. ಹೇಗೆ ಹೋಗಬೇಕೆಂದು ಅದಕ್ಕೆ ಯಾರೂ ಹೇಳಿಕೊಡುವುದಿಲ್ಲ. ಸರಿಯಾಗಿ ತಲುಪಿಸಿದರೆ ಅಂಕ, ಎಲ್ಲಿಯಾದರೂ ಗುದ್ದಿದರೆ ಅಂಕ ಕಡಿತ; ಓಡಿ ಓಡಿ ಅದೇ ಕಲಿಯುತ್ತದೆ. “ಇದಕ್ಕೆ ಪ್ರೋಗ್ರಾಂ ಬರೆಯೋದಲ್ಲ, ಇದನ್ನ ಸಾಕೋದು,” ಎಂದು ಲಿಲ್ಲಿಯನ್ ಮೊದಲ ದಿನವೇ ಹೇಳಿದ್ದಳು. ಬಂಟ್ವಾಳದ ಕಡೆಯವಳು, ಇಬ್ಬರು ಮಕ್ಕಳ ತಾಯಿ, ಈ ಕೆಲಸದಲ್ಲಿ ಅವನಿಗಿಂತ ಬಹಳ ಮುಂದೆ. ಕಷ್ಟ ಬಂದಾಗ ಗಾಡಿ ನಿಂತು, ಹಳದಿ ದೀಪ ಹಚ್ಚಿ, ಮನುಷ್ಯರನ್ನು ಕರೆಯುವ ಏರ್ಪಾಡು ಅವಳದೇ. ಆದರೆ ಅದು ಅತಿಯಾಗಿ ಕರೆಯುತ್ತದೆ, ಮುದ್ದಿನ ಮಗುವಿನ ಹಾಗೆ ಮಾತೆತ್ತಿದರೆ ದೀಪ ಹಚ್ಚುತ್ತದೆ ಎಂದು ಗೋದಾಮಿನವರು ಗೊಣಗಿದ್ದರು. ಲಿಲ್ಲಿಯನ್ ಊರಿಗೆ ಹೋದ ಸಮಯದಲ್ಲಿ ಸಿದ್ದಲಿಂಗ ಸುಲಭದ ಉಪಾಯ ಮಾಡಿದ: ಪ್ರತಿ ಸಲ ಕರೆದಾಗಲೂ ಅಂಕ ಕಡಿತ. ಕರೆಗಳು ಕಡಿಮೆಯಾದವು, ಆಮೇಲೆ ನಿಂತೇಹೋದವು. ಮೇಲಧಿಕಾರಿ ಫಿಕಾದಲ್ಲಿ, ಎಂದರೆ ಕಾಫಿಯ ಬಿಡುವಿನಲ್ಲಿ, ಎಲ್ಲರೆದುರು ಅವನ ಹೆಸರು ಹೇಳಿ ಹೊಗಳಿ, ಏಲಕ್ಕಿ ಬನ್ನಿನ ತಟ್ಟೆಯನ್ನು ಮೊದಲು ಅವನ ಕಡೆಗೇ ಸರಿಸಿದ್ದ.

ಲಿಲ್ಲಿಯನ್ ಕೋಟು ಬಿಚ್ಚುವ ಮೊದಲೇ ಗಾಡಿಯ ಹತ್ತಿರ ಹೋದಳು. ಅದು ಒಂದು ಸುತ್ತು ಹೋಗಿ ಬಂದದ್ದನ್ನು ನೋಡಿದಳು, ಇನ್ನೊಂದು ಸುತ್ತಿನಲ್ಲಿ ಅದರ ಜೊತೆಗೇ ನಡೆದಳು. ಸಿದ್ದಲಿಂಗ ಪರೀಕ್ಷೆ ಬರೆದ ಹುಡುಗನಂತೆ ಪಕ್ಕದಲ್ಲಿ ನಿಂತಿದ್ದ. ಅವಳು ಸಿಮೆಂಟಿನ ನೆಲಕ್ಕೆ ಮಂಡಿಯೂರಿ ಕೂತು ಗಾಡಿಯ ಹೊಟ್ಟೆಯಡಿ ಕೈಹಾಕಿದಳು. ಕೈ ಹೊರತೆಗೆದಾಗ ಬೆರಳಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು. ಒಂದು ಗಾಲಿ ತಿರುಗುತ್ತಲೇ ಇರಲಿಲ್ಲ, ಅದನ್ನು ಎಳೆದುಕೊಂಡೇ ಗಾಡಿ ಓಡುತ್ತಿತ್ತು. ಮೇಲಿನ ತಟ್ಟೆಯಲ್ಲಿ ಎರಡು ಗಾಜಿನ ಬಟ್ಟಲು ಬಿರುಕುಬಿಟ್ಟಿದ್ದವು.

“ಅಬ್ಬ, ಎಂಥ ಜಾಣ ಮಾರ್ರೆ ಇದು,” ಎಂದಳು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಬೆರಗಾಗಿದ್ದಳು. “ಮುರಿದ ಕಾಲಿಟ್ಟುಕೊಂಡು ಓಡೋದು ಹೇಗೆ ಅಂತ ತನ್ನಷ್ಟಕ್ಕೇ ಕಲಿತಿದೆ ನೋಡಿ. ಕರೆಯೋದಕ್ಕೆ ಎಷ್ಟು ಕಡಿತ ಇಟ್ಟಿದ್ರಿ?”

ಅವನು ಹೇಳಿದ. ಕಿವಿ ಬಿಸಿಯಾಯಿತು. “ಕಂಪ್ಲೇಂಟ್ ಜಾಸ್ತಿ ಇತ್ತು, ಅದಕ್ಕೇ,” ಎಂದು ಸೇರಿಸಿದ. ನಾಲ್ಕು ಜನರೆದುರು ಅವನ ಕನ್ನಡ ತಾನಾಗಿಯೇ ಬೆಂಗಳೂರಿನದಾಗುತ್ತಿತ್ತು.

“ತಪ್ಪು ಇದರದ್ದಲ್ಲ. ಇದು ಒಳ್ಳೇ ವಿದ್ಯಾರ್ಥಿ. ನೀವು ಕಷ್ಟ ತಂದ್ಕೋಬೇಡ ಅಂತ ಕಲಿಸಿದ್ದೀರಿ ಅಂದ್ಕೊಂಡ್ರಿ, ಇದು ಕಷ್ಟ ಹೇಳ್ಬೇಡ ಅಂತ ಕಲಿತಿದೆ. ನಮಗೆ ಎರಡೂ ಒಂದೇ ಹಾಗೆ ಕಾಣ್ತದೆ. ದೀಪ ಹತ್ತಲಿಲ್ಲ ಅಲ್ವಾ, ಎಲ್ಲ ಸರಿ ಇದೆ ಅಂತ.” ಅವಳು ಗಾಡಿಯನ್ನು ದನದ ಬೆನ್ನು ತಟ್ಟಿದಂತೆ ತಟ್ಟಿದಳು. “ಆದ್ರೂ ಮೊದಲು ಏನಾದ್ರೂ ತೋರಿಸಿರ್ತದೆ. ನಿಧಾನ ಆಗಿರ್ತದೆ, ಒಂದು ಬದಿಗೆ ವಾಲಿರ್ತದೆ. ನೀವು ನೋಡಿಲ್ವಾ?”

ನೋಡಿದ್ದ. ಕಳೆದ ವಾರ ಗಾಡಿ ತಿರುವಿನಲ್ಲಿ ತಡವರಿಸಿದ್ದನ್ನು ನೋಡಿದ್ದ, ಸೋಮಾರಿಯಾಗಿದೆ ಎಂದುಕೊಂಡಿದ್ದ. ಹಾಗೆಂದು ಹೇಳಲು ಬಾಯಿ ತೆರೆದವನಿಗೆ ಗಾಡಿಯ ಬದಲು ಚಮಚ ಕಂಡಿತು, ಎಡಗೈಯಲ್ಲಿದ್ದ ಚಮಚ, ಅದು ಮೆಲ್ಲಗೆ ಬಲಗೈಗೆ ದಾಟಿದ್ದು, ಬಲಗೈ ಅದನ್ನು ಬೆರಳುಗಳ ತುದಿಯಲ್ಲಷ್ಟೇ ಹಿಡಿದದ್ದು, ಒಂದೊಂದು ತುತ್ತಿಗೂ ತಲೆಯೇ ಕೆಳಗೆ ಬಗ್ಗಿ ಚಮಚದ ಹತ್ತಿರ ಬಂದದ್ದು. ಆಮೇಲೆ ಇವತ್ತಿನ ಜಿಪ್ಪು, ತೋಳು ಎಳೆದಾಗ ನಿಂತ ಉಸಿರು. ಕೂಡಲೇ ದಾಗಿಸ್‌ಗೆ ಫೋನ್ ಮಾಡಬೇಕೆಂದು ಮೊಬೈಲ್ ಕೈಗೆತ್ತಿಕೊಂಡ. ಮಾಡಲಿಲ್ಲ. ಮಗಳ ಕೈ ನೋಡಿ ಎಂದರೆ, ಕೈಗೆ ಏನಾಗಿದೆ ಎಂದು ಕೇಳುತ್ತಾರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಫಿಕಾದ ಮೇಜಿನಲ್ಲಿ ಎಲ್ಲರೊಡನೆ ಹೋಗಿ ಕೂತ, ಕಾಫಿ ಸುರಿದುಕೊಂಡ. ಮಗಳ ಕೈಗಿಂತ ಮೊದಲು ತನ್ನ ಮಾನ ನೆನಪಾಯಿತಲ್ಲ ಎಂದು ತನ್ನ ಮೇಲೆಯೇ ಅಸಹ್ಯಪಟ್ಟುಕೊಂಡ; ಅಸಹ್ಯಪಡುತ್ತಲೇ ಕಾಫಿಯನ್ನೂ ಕುಡಿದ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಬಂದರಿನ ಕಟ್ಟೆಯ ಮೇಲೆ ವರ್ಷಾ ಚೆಂಡಿನ ಹಿಂದೆ ನೀರಿನ ಅಂಚಿನವರೆಗೆ ಓಡಿದ್ದಳು. ಓಡಿ ಹಿಡಿದು, ಬೆನ್ನಿಗೆ ಹೊಡೆದಿದ್ದ. ಅವಳು ಸುರಕ್ಷಿತವಾಗಿ ತನ್ನ ಕೈಯಲ್ಲಿದ್ದಾಳೆಂದು ಗೊತ್ತಾದ ಮೇಲೆ ಇನ್ನೊಂದು ಹೊಡೆದಿದ್ದ. ಮೊದಲನೆಯ ಏಟು ಹೆದರಿಕೆಯದು; ಎರಡನೆಯದು ಅವನದೇ. ಶುಭಾ ಅಂದು ರಾತ್ರಿ ಅವನೊಡನೆ ಮಾತಾಡಿರಲಿಲ್ಲ. ಆಮೇಲೆ ದೀಪಾವಳಿಗೆ ಮಾಲ್ಮೋದಲ್ಲಿ ಕನ್ನಡದವರೆಲ್ಲ ಸೇರಿದಾಗ, ಹೋಳಿಗೆಯ ಸಾಲಿನಲ್ಲಿ ರಘುನಾಥ ಅವನ ಕಿವಿಯಲ್ಲಿ ಹೇಳಿದ್ದ: “ಹುಷಾರು ಗುರೂ. ಇಲ್ಲಿ ಮಕ್ಕಳ ಮೇಲೆ ಕೈ ಎತ್ತೋದು ಕಾನೂನಿಗೇ ವಿರುದ್ಧ. ಮಗು ದಾಗಿಸ್‌ನಲ್ಲಿ ಬಾಯ್ಬಿಟ್ರೆ ಕಮ್ಯೂನ್‌ನವ್ರು, ಇಲ್ಲಿನ ನಗರಸಭೆಯವ್ರು, ವಿಚಾರಣೆಗೆ ಮನೆಗೇ ಬರ್ತಾರೆ. ಹೊಡೀಬೇಡ. ಹೊಡೆದ್ರೆ ಹೇಳಬಾರ್ದು ಅಂತ ಕಲಿಸ್ಬಿಡು.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಿದ್ದಲಿಂಗ ಅದನ್ನು ಆಟ ಮಾಡಿಬಿಟ್ಟ. ದಾಗಿಸ್‌ನಿಂದ ಮನೆಗೆ ನಡೆಯುವಾಗ, ಅಪ್ಪ ಏನು ಮಾಡಿದ ಎಂದು ಕೇಳುವುದು. ಇಂಗೆಂಟಿಂಗ್ ಎಂದರೆ ಜೇಬಿನಿಂದ ಒಂದು ಮಿಠಾಯಿ. ಈ ಊರಿನ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ. ವಾರವೆಲ್ಲ ಕಾಯುತ್ತವೆ, ಕೇಳುವುದೂ ಇಲ್ಲ. ವರ್ಷಾಳಿಗೆ ಮಂಗಳವಾರವೂ ಶನಿವಾರವಾಯಿತು, ಗುರುವಾರವೂ ಆಯಿತು. ಬೇಗ ಕಲಿತಳು. ಆಟ ಆಡಿಸದಿದ್ದರೂ ಜೇಬಿನಲ್ಲಿ ಮಿಠಾಯಿ ಇಟ್ಟುಕೊಳ್ಳುವುದು ಅವನಿಗೂ ಅಭ್ಯಾಸವಾಯಿತು. ಶುಭಾಳಿಗೆ ಏಟಿನ ವಿಷಯ ಗೊತ್ತಿತ್ತು, ಮಿಠಾಯಿಯದು ಗೊತ್ತಿರಲಿಲ್ಲ.

ಲಿಲ್ಲಿಯನ್ ಮನೆಯಲ್ಲಿ ಒಮ್ಮೆ ಊಟಕ್ಕೆ ಕರೆದಿದ್ದಾಗ ಅವಳ ಮಗ ಕೆವಿನ್ ಒಳಗೆ ಏನೋ ಒಡೆದು, ಅತಿಥಿಗಳೆಲ್ಲ ಇದ್ದ ಕೋಣೆಗೆ ತಾನೇ ನಡೆದು ಬಂದು, ಮಮ್ಮಿ ನಾನು ಜಗ್ ಒಡೆದೆ ಎಂದಿದ್ದ. ಅವಳು ಮೊದಲು ಅವನ ಪಾದ ನೋಡಿದ್ದಳು, ಗಾಜು ಚುಚ್ಚಿದೆಯೋ ಎಂದು. ಬಂದು ಹೇಳಿದ್ದು ಒಳ್ಳೇದಾಯ್ತು ಎಂದಿದ್ದಳು. ಆಮೇಲೆ ಪೊರಕೆ ಅವನ ಕೈಗೇ ಕೊಟ್ಟು, ಒಂದು ಚೂರೂ ಉಳಿಯದಂತೆ ಗುಡಿಸಿಸಿದ್ದಳು. ಹುಡುಗ ಅಳುತ್ತ ಗುಡಿಸಿದ್ದ. ಅವಳು ಬಾಗಿಲಿಗೊರಗಿ ಕೊನೆಯವರೆಗೆ ನಿಂತಿದ್ದಳು. ಅತಿ ಸಲಿಗೆ ಎಂದು ಅವತ್ತು ಸಿದ್ದಲಿಂಗ ಬಸ್ಸಿನಲ್ಲಿ ಶುಭಾಳಿಗೆ ಹೇಳಿದ್ದ. ಸಲಿಗೆಯೂ ಅಲ್ಲ, ಬಿಗಿಯೂ ಅಲ್ಲ, ತನಗೆ ಹೆಸರು ಗೊತ್ತಿಲ್ಲದ ಮೂರನೆಯ ಯಾವುದೋ ಒಂದನ್ನು ಅವತ್ತು ನೋಡಿದ್ದೆ ಎಂದು ಈಗ, ತಣ್ಣಗಾದ ಲೋಟ ಹಿಡಿದು ಕೂತಾಗ ಅನ್ನಿಸಿತು. ಅವಳ ಮಗ ನಡೆದು ಬಂದಿದ್ದ. ಅಷ್ಟು ಜನರ ನಡುವೆ, ಹೆದರಿಕೊಂಡೇ, ನಡೆದು ಬಂದಿದ್ದ.

“ನನ್ನ ಮಗಳು ನಿನ್ನೆ ಎಡಗೈಲಿ ಊಟ ಮಾಡಿದ್ಲು,” ಎಂದ ಸಿದ್ದಲಿಂಗ.

ಲಿಲ್ಲಿಯನ್ ಬನ್ನು ಕೆಳಗಿಟ್ಟಳು. ಎಡಗೈ ಊಟದಲ್ಲಿ ಹೇಳುವಂಥದ್ದು ಏನಿದೆಯೆಂದು ಅವಳಿಗೆ ಅರ್ಥವಾಗಲಿಲ್ಲ. “ಬಲಗೈಗೆ ನೋವಾಗಿದೆ ಅನ್ಸುತ್ತೆ. ಅವಳು ಹೇಳಿಲ್ಲ. ಹೇಳಬಾರದು ಅಂತ ನಾನೇ ಕಲಿಸಿದ್ದೀನಿ,” ಎಂದು ಅವನು ಮುಂದುವರಿಸಿದಾಗ ಅವಳು ಪ್ರಶ್ನೆ ಕೇಳಲಿಲ್ಲ. ಗಾಡಿಯನ್ನು ನೋಡಿದಳು, ಅವನನ್ನು ನೋಡಿದಳು, ಕಾರಿನ ಕೀಲಿ ತೆಗೆದುಕೊಂಡಳು. ಅವಳು ಕೇಳದೆ ಇದ್ದದ್ದಕ್ಕೆ ಅವನಿಗೆ ಅಲ್ಲೇ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಕಾರಿನಲ್ಲಿ ಕೂತ ಮೇಲೆಯೇ ಅವನು ಫೋನ್ ಮಾಡಿದ್ದು. ದಾಗಿಸ್‌ನ ಶಿಕ್ಷಕಿ ಗುನಿಲ್ಲಾ, ನಾವೇ ನಿಮಗೆ ಫೋನ್ ಮಾಡಬೇಕೆಂದಿದ್ದೆವು, ಕೈ ಊದಿದೆ ಎಂದಳು.

ವರ್ಷಾ ಮುಂಗೋಣೆಯ ಬೆಂಚಿನ ಮೇಲೆ ಕೂತಿದ್ದಳು, ಬಲಗೈ ತೊಡೆಯ ಮೇಲೆ, ಅದು ಬೇರೆ ಯಾರದೋ ಕೈ ಎಂಬಂತೆ. ಅತ್ತ ಗುರುತು ಇರಲಿಲ್ಲ. ನಿನ್ನೆ ಹಗ್ಗದ ಏಣಿಯಿಂದ ಬಿದ್ದಳಂತೆ, ಇನ್ನೊಂದು ಮಗು ಈಗಷ್ಟೇ ಹೇಳಿತು, ಇವಳನ್ನು ಎಷ್ಟು ಕೇಳಿದರೂ ಏನೂ ಇಲ್ಲ ಎನ್ನುತ್ತಾಳೆ, ತುಂಬ ಧೈರ್ಯದ ಹುಡುಗಿ ಎಂದು ಗುನಿಲ್ಲಾ ಹೇಳಿ ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಸಿದ್ದಲಿಂಗ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ವರ್ಷಾ ಮುಂದೆ ಬಾಗಿ ಅವನ ಕಿವಿಯಲ್ಲಿ, “ನಾ ಏನೂ ಹೇಳಿಲ್ಲಪ್ಪಾ,” ಎಂದಳು. ಹೇಳಿ, ಎಡಗೈಯನ್ನು ಬಿಚ್ಚಿ ಮುಂದೆ ಚಾಚಿದಳು.

ಅವನ ಬೆರಳುಗಳು ಆಗಲೇ ಜೇಬಿನೊಳಗಿನ ಮಿಠಾಯಿಯ ಕಾಗದವನ್ನು ಮುಟ್ಟಿದ್ದವು. ಅದು ಅರಿವಾಗಿ ಅವನಿಗೆ ತನ್ನ ಕೈಯ ಮೇಲೆಯೇ ಭಯವಾಯಿತು. ಕೊಟ್ಟರೆ ಪಾಠ ಗಟ್ಟಿಯಾಗುತ್ತದೆ. ಕೊಡದಿದ್ದರೆ, ಇಷ್ಟು ನೋವು ನುಂಗಿ ನಿಯಮ ಪಾಲಿಸಿದ ಮಗುವಿಗೆ ಅದೇ ಶಿಕ್ಷೆಯಾಗುತ್ತದೆ. ಕೊಡಲಿಲ್ಲ. ಚಾಚಿದ ಅಂಗೈ ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಮುಚ್ಚಿಕೊಂಡಿತು. ತಾನೆಲ್ಲಿ ತಪ್ಪಿದೆ ಎಂದು ಅವಳು ಯೋಚಿಸುತ್ತಿರುವುದು ಹುಬ್ಬಿನಲ್ಲಿ ಕಾಣುತ್ತಿತ್ತು. ನಿನ್ನೆಯಿಂದ ಈ ಕೈಯಲ್ಲಿ ಆಡಿದ್ದಾಳೆ, ಉಂಡಿದ್ದಾಳೆ, ಮಲಗಿದ್ದಾಳೆ. ಸಿದ್ದಲಿಂಗನ ಜೀವಮಾನದಲ್ಲಿ ಯಾರೂ ಅವನ ಮಾತನ್ನು ಇಷ್ಟು ನಿಷ್ಠೆಯಿಂದ ನಡೆಸಿರಲಿಲ್ಲ.

ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಅವನು ಮಗಳೊಂದಿಗೆ ಹಿಂದಿನ ಸೀಟಿನಲ್ಲಿ ಕೂತ. “ಆ ಕಡಿತ ತೆಗೆದುಬಿಟ್ರೆ ಗಾಡಿ ಸರಿಹೋಗುತ್ತಾ?” ಎಂದು ಕೇಳಿದ. ಲಿಲ್ಲಿಯನ್ ಕನ್ನಡಿಯಲ್ಲಿ ಅವನನ್ನು ನೋಡಿದಳು.

“ತೆಗೆದ್ರೆ ಸಾಲದು. ಅದಕ್ಕೀಗ ಕರೆಯೋದೇ ಮರ್ತುಹೋಗಿದೆ. ಇಷ್ಟು ದಿನ ಯಾಕೆ ಕರೀಲಿಲ್ಲ ಅಂತ ಶಿಕ್ಷೆ ಕೊಟ್ರಂತೂ ಇನ್ನೂ ಚೆನ್ನಾಗಿ ಅಡಗಿಸೋದು ಕಲೀತದೆ. ಒಂದು ಸಲ ಹೇಗಾದ್ರೂ ಕರೀಬೇಕು, ಕರೆದಾಗ ನಾವು ಹೋಗ್ಬೇಕು. ಆಮೇಲೆ ಎಂತ ಆಗ್ತದೆ ಗೊತ್ತುಂಟಾ, ಎಲ್ಲದಕ್ಕೂ ಕರೀತದೆ. ಧೂಳು ಬಿದ್ರೂ ಕರೀತದೆ. ಪ್ರತಿ ಸಲ ಹೋಗ್ಬೇಕು. ಬೇಜಾರು ತೋರಿಸಿದ್ರೆ ಮುಗೀತು.” ದೊಡ್ಡವರ ಮಾತು ತನ್ನದಲ್ಲವೆಂಬಂತೆ ವರ್ಷಾ ಕಿಟಕಿಯಾಚೆ ನೋಡುತ್ತಿದ್ದಳು, ಆದರೆ ಕಿವಿ ಇತ್ತ ಇತ್ತು.

ನರ್ಸ್ ವಯಸ್ಸಾದವಳು, ಕೈ ಬೆಚ್ಚಗಿದ್ದವು. ಮಣಿಕಟ್ಟಿನ ಸುತ್ತ ಮೆಲ್ಲಗೆ ಒತ್ತುತ್ತ, ಇಲ್ಲಿ ನೋವೇ, ಇಲ್ಲಿ ನೋವೇ ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ಒಂದು ಕಡೆ ವರ್ಷಾಳ ಕಣ್ಣು ತುಂಬಿಬಂದವು. ಅವಳು ನರ್ಸನ್ನು ನೋಡಲಿಲ್ಲ. ಉತ್ತರ ಯಾವುದೆಂದು ಕೇಳುವಂತೆ ಅಪ್ಪನ ಮುಖ ನೋಡಿದಳು. “ಇಂಗೆಂಟಿಂಗ್,” ಎಂದಳು.

ಸಿದ್ದಲಿಂಗ ಮತ್ತೆ ಕುಕ್ಕರಗಾಲಲ್ಲಿ ಕೂತ. ಲಿಲ್ಲಿಯನ್ ಎದುರಿಗಿದ್ದದ್ದೂ ಮರೆತುಹೋಗಿ ಹಾವೇರಿಯ ಮಾತೇ ಬಾಯಿಗೆ ಬಂತು. “ನಿನ್ನೆ ನೀ ಎಡಗೈಲೆ ಉಂಡಿ. ನಾ ಬೈದೆ. ಈ ಕೈ ನೋಯ್ತಿತ್ತಂತ ಆ ಕೈಲೆ ಉಂಡಿ, ಹೌದಿಲ್ಲೋ? ಅದು ಭಾಳ ಶಾಣ್ಯಾತನದ ಕೆಲಸ. ನಂಗ ತಿಳೀಲಿಲ್ಲ ನೋಡವಾ.”

ವರ್ಷಾ ಯೋಚಿಸಿದಳು. ಇದು ಹೊಸ ಆಟವೋ, ಹಳೆಯದರದೇ ಪರೀಕ್ಷೆಯೋ ಎಂದು ತೂಗಿನೋಡುತ್ತಿದ್ದಳು. ಅವಳು ಇನ್ನು ಮುಂದೆ ಯಾವಾಗಲಾದರೂ ತನ್ನನ್ನು ಕರೆಯುತ್ತಾಳೋ ಇಲ್ಲವೋ ಎಂಬುದು ಈ ಬಿಳಿ ಕೋಣೆಯಲ್ಲಿ, ಈ ಗಳಿಗೆಯಲ್ಲಿ ತೀರ್ಮಾನವಾಗುತ್ತಿದೆ ಎಂದು ಅವನಿಗೆ ಗೊತ್ತಿತ್ತು, ಮತ್ತು ತೀರ್ಮಾನ ಅವಳದು ಎಂದೂ.

“ಹೌದು,” ಎಂದಳು ವರ್ಷಾ. ಆಮೇಲೆ, “ನೋವಾಗ್ತದ ಅಪ್ಪಾ.” ನಿನ್ನೆಯಿಂದ ತಡೆದಿಟ್ಟ ಅಳು ಒಮ್ಮೆಗೇ ಬಂತು. ಅಳುವಿನ ನಡುವೆಯೇ ಅವನ ಕಣ್ಣನ್ನು ನೆಟ್ಟಗೆ ನೋಡಿ, “ನೀ ಹೊಡದಾಗೂ ನೋವಾಗಿತ್ತು. ಎರಡನೇದು,” ಎಂದಳು.

ಎರಡನೆಯದು. ಅವಳಿಗೂ ಗೊತ್ತಿತ್ತು. ನರ್ಸ್ ಒತ್ತುವುದನ್ನು ನಿಲ್ಲಿಸಿ, ಏನಂದಳು ಎಂದು ಅವನನ್ನು ಕೇಳಿದಳು. ಲಿಲ್ಲಿಯನ್ ಕಿಟಕಿಯ ಕಡೆ ತಿರುಗಿಕೊಂಡಳು. ಅವಳಿಗೆ ಸ್ವೀಡಿಷ್ ಅವನಿಗಿಂತ ಚೆನ್ನಾಗಿ ಬರುತ್ತಿತ್ತು, ಆದರೂ ಬಾಯಿ ತೆರೆಯಲಿಲ್ಲ. ವರ್ಷಾ ಅಳು ನುಂಗಿ ಕಾಯುತ್ತಿದ್ದಳು. ಅಪ್ಪ ಏನು ಹೇಳುತ್ತಾನೆಂದು ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಈ ಕೋಣೆಯಲ್ಲಿ ಎರಡೂ ಭಾಷೆಯನ್ನು ಅವಳಷ್ಟು ಸಲೀಸಾಗಿ ಬಲ್ಲವರಿಲ್ಲ. ಕಮ್ಯೂನಿನವರು ಮನೆಯ ಗಂಟೆ ಒತ್ತುವುದು, ಶುಭಾ ಬಾಗಿಲು ತೆರೆಯುವುದು, ಹೋಳಿಗೆಯ ಸಾಲಿನಲ್ಲಿ ರಘುನಾಥ ತಲೆಯಾಡಿಸುವುದು, ಎಲ್ಲ ಅವನ ಕಣ್ಣ ಮುಂದೆ ಹಾದುಹೋಯಿತು. ಸಿದ್ದಲಿಂಗ ತನ್ನ ಒರಟು ಸ್ವೀಡಿಷ್‌ನಲ್ಲಿ, ಪದಗಳನ್ನು ಒಂದೊಂದಾಗಿ ಹುಡುಕಿ, ಕೈ ನೋಯುತ್ತದೆ ಎನ್ನುತ್ತಾಳೆ, ನಾನು ಹೊಡೆದಾಗಲೂ ನೋವಾಗಿತ್ತು ಎನ್ನುತ್ತಾಳೆ, ಸೆಪ್ಟೆಂಬರಿನಲ್ಲಿ, ಎರಡನೆಯ ಏಟು ಎಂದು ಹೇಳಿದ. ನರ್ಸ್ ಅವನನ್ನು ದೀರ್ಘವಾಗಿ ನೋಡಿದಳು. ಅದರ ಬಗ್ಗೆ ನಾವು ಮಾತಾಡಬೇಕಾಗುತ್ತದೆ ಎಂದಳು. ಆಗಲಿ ಎಂದ. ಅಪ್ಪನ ಸ್ವೀಡಿಷ್ ಕೇಳಿದಾಗಲೆಲ್ಲ ತಿದ್ದುವ ವರ್ಷಾ ಈ ಸಲ ತಿದ್ದಲಿಲ್ಲ.

ನರ್ಸ್ ಕೈಗೆ ಸುತ್ತಲು ಪಟ್ಟಿ ತರಲು ಒಳಗೆ ಹೋದಳು. ವರ್ಷಾ ಮೂಗನ್ನು ತೋಳಿಗೆ ಒರೆಸಿಕೊಂಡಳು. ಆಮೇಲೆ ಎಡಗೈಯಿಂದ ಪ್ಯಾಂಟು ಮೇಲೆತ್ತಿ, “ಇಲ್ಲೂ ನೋವದ,” ಎಂದು ಮಂಡಿ ತೋರಿಸಿದಳು. ಅಲ್ಲಿ ಒಣಗಿ ಉದುರಿದ ಹಳೆಯ ಗಾಯದ ಕಲೆ ಮಾತ್ರ ಇತ್ತು. ಸಿದ್ದಲಿಂಗ ಬಗ್ಗಿ ಅದನ್ನು ನೋಡಿದ. “ಇಲ್ಲಿ,” ಎಂದು ಮೊಣಕೈ ತೋರಿಸಿದಳು. ಅದನ್ನೂ ನೋಡಿದ. “ಹಲ್ಲೊಳಗ,” ಎಂದು ಬಾಯಿ ತೆರೆದಳು. ಎಲ್ಲೂ ಏನೂ ಇರಲಿಲ್ಲ. ಲಿಲ್ಲಿಯನ್ ಕಿಟಕಿಯ ಕಡೆ ಮುಖ ಮಾಡಿಯೇ ನಗುತ್ತಿದ್ದುದು ಅವಳ ಭುಜದಲ್ಲಿ ಗೊತ್ತಾಗುತ್ತಿತ್ತು. “ಮತ್ತ ಇಲ್ಲಿ, ಅಪ್ಪಾ,” ಎಂದು ವರ್ಷಾ ಹೆಬ್ಬೆರಳು ಮುಂದೆ ಮಾಡಿದಳು. ಸಿದ್ದಲಿಂಗ ಅವಳ ಪುಟ್ಟ ಹೆಬ್ಬೆರಳನ್ನು ಹಿಡಿದು, ಬೆಳಕಿಗೆ ತಿರುಗಿಸಿ, ಚೆನ್ನಾಗಿ ನೋಡಿದ.